ಯಾವ ಡಬ್ಬ ತರಲಿ, ಅಕ್ಕ?

ಹೋದ ಸಂಚಿಕೆಯಲ್ಲಿ ಹೊಡೆದ ತೋಟಾಗಳ ಹಳೇ ಹಿತ್ತಾಳೆ ಕೇಸುಗಳನ್ನು ತೊಳೆದು ಅಳತೆಗೆ ತರುವುದರ ಬಗ್ಗೆ ಬರೆದಿದ್ದೆ. ಅದರ ಬೆನ್ನಿಗೇ ಬಂದ ಪತ್ರಗಳಲ್ಲಿ ಹೆಚ್ಚಿನವು ತೋಟಾಕ್ಕೆ ತುಂಬುವ ಪೌಡರ್, ಅಂದರೆ ಮದ್ದಿನ ಪುಡಿಯ ಬಗ್ಗೆ. ಹಾಗಾಗಿ ಈ ಸಲ ಬರೀ ಅದನ್ನೇ ಇಟ್ಟುಕೊಂಡಿದ್ದೇನೆ.

ಹೊಸ ಓದುಗರಿಗೆ ನನ್ನ ಪರಿಚಯ ಎರಡು ಮಾತಿನಲ್ಲಿ. ನಾನು ಕೊಡಗಿನ ನಾಪೋಕ್ಲು ಕಡೆಯವಳು. ಪೆನ್ಸಿಲ್ವೇನಿಯಾಕ್ಕೆ ಬಂದು 27 ವರ್ಷ ಆಯಿತು. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ. ವಾರಕ್ಕೊಮ್ಮೆ ಗುರಿ ಅಭ್ಯಾಸಕ್ಕೆ ಹೋಗುತ್ತೇನೆ. ಹೊಡೆದ ತೋಟಾದ ಖಾಲಿ ಕೇಸನ್ನು ಮನೆಗೆ ತಂದು, ಹೊಸ ಪ್ರೈಮರ್ (ಪೌಡರಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು), ಪೌಡರ್, ಬುಲೆಟ್ (ತುದಿಯಲ್ಲಿ ಕೂತು ಹಾರುವ ಗುಂಡು) ಹಾಕಿ ಮತ್ತೆ ತೋಟಾ ಮಾಡಿಕೊಳ್ಳುತ್ತೇನೆ. ಇದಕ್ಕೇ ಇಲ್ಲಿ ರಿಲೋಡಿಂಗ್ ಅನ್ನುವುದು. ಅಮೆರಿಕದಲ್ಲಿ ಸ್ವಂತ ಬಳಕೆಗೆ ಹೀಗೆ ಮಾಡಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ. ಮಾರಲು ಮಾಡಿದರೆ ಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಬುಲೆಟ್ಟಿಗೆ ಎಷ್ಟು ಗ್ರೇನ್ (ಪೌಡರ್ ತೂಗುವ ಸಣ್ಣ ಅಳತೆ) ಪೌಡರ್ ಎಂದು ಇಲ್ಲಿ ಬರೆಯುವುದಿಲ್ಲ. ಆ ಅಂಕಿ ಪೌಡರ್ ಕಂಪನಿಯ ಕೈಪಿಡಿಯಿಂದಲೇ ಬರಬೇಕು. ಪತ್ರಿಕೆಯಲ್ಲಿ ಒಂದು ಚುಕ್ಕೆ ಅಚ್ಚಾಗದೆ ಹೋದರೆ 4.5 ಎನ್ನುವುದು 45 ಆಗುತ್ತದೆ, ಅಲ್ವಾ?

ಪ್ರಶ್ನೆ: 9 ಎಂಎಂ ಪಿಸ್ತೂಲಿಗೆ ರಿಲೋಡಿಂಗ್ ಶುರು ಮಾಡುತ್ತಿದ್ದೇನೆ. ಸಿಂಗಲ್ ಸ್ಟೇಜ್ ಪ್ರೆಸ್ (ಒಮ್ಮೆಗೆ ಒಂದೇ ಹಂತದ ಕೆಲಸ ಮಾಡುವ ತೋಟಾ ಯಂತ್ರ) ತಂದಾಯಿತು. ಅಂಗಡಿಯ ಪೌಡರ್ ಕಪಾಟಿನ ಮುಂದೆ ನಿಂತರೆ ತಲೆ ತಿರುಗುತ್ತದೆ. ಟೈಟ್‌ಗ್ರೂಪ್, ಡಬ್ಲ್ಯು231, ಯುನಿಕ್, ಎಚ್‌ಎಸ್‌-6, ಎನ್‌320... ಯಾವ ಡಬ್ಬ ತರಲಿ, ಅಕ್ಕ?
— ಕೊಲಂಬಸ್, ಒಹಾಯೊ

ನನ್ನನ್ನು ಕೇಳಿದರೆ ಡಬ್ಲ್ಯು231, ಒಂದು ಪೌಂಡಿನ ಡಬ್ಬ. ಯಾಕೆ ಅಂತ ಹೇಳುತ್ತೇನೆ, ಆಮೇಲೆ ನೀವೇ ನಿರ್ಧಾರ ಮಾಡಿ.

ಪೌಡರ್‌ಗಳಲ್ಲಿ ಮುಖ್ಯ ವ್ಯತ್ಯಾಸ ಉರಿಯುವ ವೇಗದ್ದು. ನಮ್ಮ ಕಡೆ ಬಚ್ಚಲೊಲೆಗೆ ಒಣ ಬಿದಿರೆಲೆ ಹಾಕಿದರೆ ಭಗ್ಗೆಂದು ಉರಿದು ಮುಗಿಯುತ್ತದೆ. ಕಾಫಿ ಬೊಡ್ಡೆ ಹಾಕಿದರೆ ರಾತ್ರಿಯಿಡೀ ಕೆಂಡ ಇರುತ್ತದೆ. ಪಿಸ್ತೂಲಿನ ನಳಿಗೆ ಗಿಡ್ಡ. ಬುಲೆಟ್ ಅದರಿಂದ ಹೊರಬೀಳುವುದರೊಳಗೆ ಪೌಡರ್ ತನ್ನ ಕೆಲಸ ಮುಗಿಸಬೇಕು. ಹಾಗಾಗಿ ಪಿಸ್ತೂಲಿನ ಪೌಡರ್‌ಗಳೆಲ್ಲ ರೈಫಲ್ಲಿನವಕ್ಕಿಂತ ಬೇಗ ಉರಿಯುವಂಥವು. ಅವುಗಳಲ್ಲೂ ಮೇಲು ಕೆಳಗು ಇದೆ. ಬುಲ್ಸ್‌ಐ, ಟೈಟ್‌ಗ್ರೂಪ್ ತೀರಾ ಚುರುಕು. ಎನ್‌320, ಡಬ್ಲ್ಯು231, ಯುನಿಕ್ ಅವುಗಳ ಹಿಂದೆ. ಪವರ್ ಪಿಸ್ಟಲ್, ಎಚ್‌ಎಸ್‌-6 ಇನ್ನೂ ನಿಧಾನ. 2400, ಎಚ್‌110 ಮ್ಯಾಗ್ನಂ, ಅಂದರೆ ಹೆಚ್ಚು ಜೋರಿನ ತೋಟಾ ಹೊಡೆಯುವ ರಿವಾಲ್ವರ್‌ಗಳ ಸೌದೆ, 9 ಎಂಎಂಗೆ ಅವು ಬೇಡ.

ಚುರುಕಾದದ್ದನ್ನು ಸ್ವಲ್ಪ ಹಾಕಿದರೆ ಸಾಕು. ಅಂಗಡಿಯವರು ಇದನ್ನೇ ಹೇಳಿ ಮಾರುವುದು: "ಒಂದು ಪೌಂಡಿನಲ್ಲಿ ಜಾಸ್ತಿ ತೋಟಾ ಬರುತ್ತದೆ." ನಿಜ. ಆದರೆ ಲೆಕ್ಕ ಹಾಕಿ ನೋಡೋಣ. ಒಂದು ಪೌಂಡಿಗೆ 7000 ಗ್ರೇನ್. ತೋಟಾಕ್ಕೆ 4 ಗ್ರೇನ್ ಹಿಡಿಸುವ ಪೌಡರ್ ಆದರೆ 1750 ತೋಟಾ. 5 ಗ್ರೇನ್ ಹಿಡಿಸುವುದಾದರೆ 1400. ಡಬ್ಬಕ್ಕೆ 40 ಡಾಲರ್ ಎಂದುಕೊಳ್ಳಿ. ಸಾವಿರ ತೋಟಾಕ್ಕೆ ಉಳಿಯುವುದು ಆರು ಡಾಲರಿಗಿಂತ ಕಮ್ಮಿ. ಒಂದು ಊಟದ ದುಡ್ಡೂ ಅಲ್ಲ. ಆ ಆರು ಡಾಲರಿಗೆ ನೀವು ಬಿಟ್ಟುಕೊಡುವುದು ಏನು ಗೊತ್ತಾ? ಕಣ್ಣಿಗೆ ಕಾಣುವ ಎಚ್ಚರಿಕೆ.

ಟೈಟ್‌ಗ್ರೂಪ್ ಸಾಂದ್ರವಾದ ಪೌಡರ್. 9 ಎಂಎಂ ಕೇಸಿನ ಅರ್ಧದಷ್ಟೂ ತುಂಬುವುದಿಲ್ಲ. ಕೈತಪ್ಪಿ ಒಂದೇ ಕೇಸಿಗೆ ಎರಡು ಸಲ ಹಾಕಿದರೂ ಬಾಯಿಗಿಂತ ಕೆಳಗೇ ನಿಲ್ಲುತ್ತದೆ, ಮೇಲೆ ಬುಲೆಟ್ ಕೂರುತ್ತದೆ. ಆ ತೋಟಾ ಹೊಡೆದರೆ ಪಿಸ್ತೂಲು ಒಡೆಯುತ್ತದೆ. ಡಬ್ಲ್ಯು231 ಎರಡು ಸಲ ಬಿದ್ದರೆ ಹೆಚ್ಚುಕಮ್ಮಿ ಬಾಯಿಯ ತನಕ ಬರುತ್ತದೆ, ನೋಡದೇ ಇರಲು ಸಾಧ್ಯವಿಲ್ಲ. ಯುನಿಕ್ ಆದರೆ ಉಕ್ಕಿ ಮೇಜಿನ ಮೇಲೆ ಚೆಲ್ಲುತ್ತದೆ. ಹೊಸಬರಿಗೆ ನಾನು ಹೇಳುವುದು ಇದೊಂದೇ: ತಪ್ಪಾದಾಗ ತಾನೇ ಕೂಗಿ ಹೇಳುವಂಥ ಪೌಡರ್ ತನ್ನಿ. ವೇಗ, ಹೊಗೆ, ದುಡ್ಡು ಎಲ್ಲ ಅದರ ನಂತರ.

ಹಾಗಿದ್ದರೆ ಯುನಿಕ್ಕೇ ಯಾಕೆ ಅಲ್ಲ? ನೂರು ವರ್ಷಕ್ಕೂ ಹಳೆಯ ಪೌಡರ್ ಅದು, ಒಳ್ಳೆಯದೇ. ಆದರೆ ಅದರ ಕಾಳು ಚಪ್ಪಟೆ ಚಕ್ಕೆ. ಸೇರಿನಲ್ಲಿ ಅವಲಕ್ಕಿ ಅಳೆದು ನೋಡಿದ್ದೀರಾ? ಒಮ್ಮೆ ಸಡಿಲ, ಒಮ್ಮೆ ಕುಕ್ಕಿದ ಹಾಗೆ, ಒಂದು ಸೇರು ಇನ್ನೊಂದರಂತೆ ಇರುವುದಿಲ್ಲ. ಸಾಸಿವೆ ಅಳೆದರೆ ಪ್ರತಿ ಸಲವೂ ಒಂದೇ. ಪೌಡರ್ ಅಳೆಯುವ ಯಂತ್ರವೂ ಸೇರಿನ ಹಾಗೇ, ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಡಬ್ಲ್ಯು231ರ ಕಾಳು ಒತ್ತಿದ ಸಾಸಿವೆಯಂಥ ಸಣ್ಣ ಉಂಡೆ. ಸಲೀಸಾಗಿ, ಸಮನಾಗಿ ಬೀಳುತ್ತದೆ. ಫಿನ್ಲೆಂಡಿನ ವಿಹ್ಟವೂರಿ ಕಂಪನಿಯ ಎನ್‌320 ಬಹಳ ಶುಭ್ರವಾಗಿ ಉರಿಯುತ್ತದೆ. ಸ್ಪರ್ಧೆಗೆ ಹೋಗುವವರು ಅದನ್ನು ಬಿಡುವುದಿಲ್ಲ. ಬೆಲೆ ಜಾಸ್ತಿ. ಕಲಿಯುವಾಗ ಬೇಕಿಲ್ಲ.

ಇನ್ನೊಂದು ಅನುಕೂಲ ಇದೆ. ಡಬ್ಲ್ಯು231 ಮತ್ತು ಎಚ್‌ಪಿ‌-38 ಎರಡೂ ಒಂದೇ ಪೌಡರ್, ಡಬ್ಬ ಮಾತ್ರ ಬೇರೆ. 2020ರಲ್ಲಿ ಇಲ್ಲಿನ ಕಪಾಟುಗಳೆಲ್ಲ ಖಾಲಿಯಾದವು. ಆಗ ನನಗೆ ಒಂದು ಹೆಸರು ಸಿಗದಾಗ ಇನ್ನೊಂದು ಸಿಕ್ಕಿತು. ಹೀಗೆ ಎರಡು ಹೆಸರು ಒಂದೇ ಎಂದು ತಯಾರಕರೇ ಹೇಳಿದ್ದನ್ನು ಮಾತ್ರ ನಂಬಿ. "ಇದೂ ಹೆಚ್ಚುಕಮ್ಮಿ ಅದೇ ಥರ" ಎಂದು ಪಕ್ಕದಲ್ಲಿ ನಿಂತವರು ಹೇಳಿದರೆ ನಂಬಬೇಡಿ. ಉರಿಯುವ ವೇಗದ ಪಟ್ಟಿ ಯಾವುದು ಮುಂದೆ ಯಾವುದು ಹಿಂದೆ ಎಂದಷ್ಟೇ ಹೇಳುತ್ತದೆ. ಅಕ್ಕಪಕ್ಕದಲ್ಲಿರುವ ಎರಡು ಪೌಡರ್‌ಗಳ ತೂಕ ಒಂದೇ ಎಂದು ಹೇಳುವುದಿಲ್ಲ.

ತೂಕದ ಬಗ್ಗೆ ಒಂದು ಮಾತು. ಗ್ರೇನ್ ಅನ್ನುವುದು ನಮ್ಮ ಔಷಧದವರ ಹಳೇ ಅಳತೆ. ಇಲ್ಲಿನ ಆಸ್ಪಿರಿನ್ ಮಾತ್ರೆ 325 ಮಿಲಿಗ್ರಾಂ ಯಾಕೆ ಇದೆ ಎಂದರೆ ಅದು ಮೊದಲು ಐದು ಗ್ರೇನ್ ಮಾತ್ರೆ. ನಮ್ಮೂರ ಅಕ್ಕಸಾಲಿಗರ ಒಂದು ಗುಲಗಂಜಿಗೆ ಎರಡು ಗ್ರೇನಿಗಿಂತ ತುಸು ಕಮ್ಮಿ ತೂಕ. ಅಂದರೆ ನಿಮ್ಮ ಒಂದು ತೋಟಾದೊಳಗೆ ಇರುವುದು ಎರಡು ಮೂರು ಗುಲಗಂಜಿಯಷ್ಟು ಪೌಡರ್. ಇದನ್ನು ಕಣ್ಣಂದಾಜಿನಲ್ಲಿ ಹಾಕುವವರನ್ನು ನಾನು ನೋಡಿದ್ದೇನೆ, ಅವರ ಪಕ್ಕದಲ್ಲಿ ನಿಂತು ಗುರಿ ಹೊಡೆಯುವುದಿಲ್ಲ. ಒಳ್ಳೆಯ ತಕ್ಕಡಿ ತನ್ನಿ, ಜೊತೆಗೆ ತಕ್ಕಡಿಯನ್ನೇ ಪರೀಕ್ಷಿಸುವ ತೂಕದ ಬಟ್ಟುಗಳನ್ನೂ ತನ್ನಿ. ಪ್ರತಿ ಸಲ ಕೂರುವ ಮುಂಚೆ ತಕ್ಕಡಿ ಸರಿಯಿದೆಯಾ ನೋಡಿ. ಕೈಪಿಡಿಯಲ್ಲಿ ಕೊಟ್ಟ ಆರಂಭದ ತೂಕದಿಂದಲೇ ಶುರು ಮಾಡಿ. ಗರಿಷ್ಠ ಮಾತ್ರ ಕೊಟ್ಟಿದ್ದರೆ ಅದರಿಂದ ಹತ್ತು ಪರ್ಸೆಂಟ್ ಇಳಿಸಿ. 9 ಎಂಎಂ ಕೇಸ್ ಚಿಕ್ಕದು, ಒತ್ತಡದ ಮಿತಿ ಚದರ ಇಂಚಿಗೆ 35,000 ಪೌಂಡ್, ಅಂದರೆ 35,000 ಪಿಎಸ್‌ಐ. ಬುಲೆಟ್ ಸ್ವಲ್ಪ ಒಳಗೆ ಕೂತರೂ ಒತ್ತಡ ಏರಿಬಿಡುತ್ತದೆ. ಹಾಗಾಗಿ ಕೈಪಿಡಿಯಲ್ಲಿ ಪೌಡರ್ ತೂಕದ ಪಕ್ಕದಲ್ಲೇ ಇರುವ ತೋಟಾದ ಉದ್ದವನ್ನೂ ಓದಿ. ಹೊಸಬರು ಅದನ್ನೇ ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಮಾವನವರು ತಮ್ಮ .38 ಸ್ಪೆಷಲ್ ರಿವಾಲ್ವರನ್ನು ನನಗೆ ಕೊಟ್ಟಿದ್ದಾರೆ. ಟೈಟ್‌ಗ್ರೂಪ್ ಕೇಸಿನೊಳಗೆ ಹೇಗೆ ಬಿದ್ದಿದ್ದರೂ ಒಂದೇ ರೀತಿ ಉರಿಯುತ್ತದೆ, .38ಕ್ಕೆ ಅದೇ ಸರಿ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?
— ಡಲ್ಲಾಸ್, ಟೆಕ್ಸಸ್

ನಿಮ್ಮ ಗೆಳೆಯರು ಹೇಳಿದ್ದು ನಿಜ. .38 ಸ್ಪೆಷಲ್ 1898ರ ತೋಟಾ, ಕಪ್ಪು ಮದ್ದಿನ ಕಾಲದ ಅಳತೆಗೆ ಮಾಡಿದ್ದು. ಕಪ್ಪು ಮದ್ದು ಕೇಸ್ ತುಂಬಾ ಬೇಕಿತ್ತು. ಈಗಿನ ಚುರುಕು ಪೌಡರ್ ಆ ಕೇಸಿನ ತಳದಲ್ಲಿ ಒಂದು ಚಿಟಿಕೆ. ನಳಿಗೆ ಕೆಳಮುಖ ಮಾಡಿದರೆ ಪೌಡರ್ ಬುಲೆಟ್ ಕಡೆ ಜಾರುತ್ತದೆ, ಮೇಲೆತ್ತಿದರೆ ಪ್ರೈಮರ್ ಕಡೆ. ಕೆಲವು ಪೌಡರ್‌ಗಳಲ್ಲಿ ಇದರಿಂದ ಬುಲೆಟ್ಟಿನ ವೇಗವೇ ಬದಲಾಗುತ್ತದೆ. ಟೈಟ್‌ಗ್ರೂಪಿನಲ್ಲಿ ಈ ತೊಂದರೆ ಬಹಳ ಕಮ್ಮಿ.

ಆದರೆ ಆ ಒಂದು ಚಿಟಿಕೆಯೇ ನನ್ನ ಚಿಂತೆ. .38ರ ಕೇಸಿಗೆ ಎರಡು ಸಲ ಬಿದ್ದರೂ ಜಾಗ ಇರುತ್ತದೆ, ಮೂರು ಸಲ ಬಿದ್ದರೂ ಇರುತ್ತದೆ. ಈ ತೋಟಾದ ಒತ್ತಡದ ಮಿತಿ 17,000 ಪಿಎಸ್‌ಐ, 9 ಎಂಎಂನ ಅರ್ಧಕ್ಕೂ ಕಮ್ಮಿ. ಹಳೇ ರಿವಾಲ್ವರ್ ಅದನ್ನು ದಾಟಿದರೆ ತಡೆಯುವುದಿಲ್ಲ.

2009ರ ಒಂದು ಸಂಜೆ ನೆನಪಿದೆ. ಮೇಜಿನ ಮೇಲೆ ಐವತ್ತು ಕೇಸಿನ ಮರದ ಹಲಗೆ. ಎಲ್ಲವೂ .38. ಮೂರನೇ ಸಾಲು ತುಂಬುತ್ತಿದ್ದೆ. ಊರಿಂದ ಅಮ್ಮನ ಫೋನ್ ಬಂತು. ಅಪ್ಪನನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದಾರೆ, ಎದೆನೋವು. ಅರ್ಧ ಗಂಟೆ ಮಾತಾಡಿ ಬಂದು ಕೂತೆ. ಕೈ ತಾನಾಗಿ ಕೆಲಸ ಮುಂದುವರಿಸಿತು. ಬುಲೆಟ್ ಕೂರಿಸುವ ಮುಂಚೆ ಟಾರ್ಚ್ ಹಾಕಿ ಪ್ರತಿ ಕೇಸಿನೊಳಗೆ ನೋಡುವುದು ನನ್ನ ರೂಢಿ. ಸಾಲಾಗಿ ನೋಡುತ್ತಾ ಹೋದೆ. ಎಲ್ಲದರ ತಳದಲ್ಲೂ ಒಂದೇ ನೆರಳು. ಮೂರನೇ ಸಾಲಿನ ಏಳನೆಯದರಲ್ಲಿ ಪೌಡರ್ ಸ್ವಲ್ಪ ಹತ್ತಿರ ಕಂಡಿತು. ಸ್ವಲ್ಪವೇ, ಬೆರಳಿನ ಉಗುರಿನ ಬಿಳಿಯಷ್ಟು. ತಕ್ಕಡಿಗೆ ಸುರಿದೆ. ಸರಿಯಾಗಿ ಎರಡರಷ್ಟಿತ್ತು. ಐವತ್ತನ್ನೂ ಡಬ್ಬಕ್ಕೆ ವಾಪಸ್ ಸುರಿದು ದೀಪ ಆರಿಸಿದೆ. ಅಪ್ಪ ಹುಷಾರಾದರು. ಅವತ್ತಿನಿಂದ, ನಡುವೆ ಎದ್ದು ಹೋದರೆ ತುಂಬಿದ್ದನ್ನೆಲ್ಲ ಸುರಿದು ಮೊದಲಿಂದ ಶುರು ಮಾಡುತ್ತೇನೆ.

.38ಕ್ಕೆ ಈಗ ನಾನು ಬಳಸುವುದು ಯುನಿಕ್. ಕೇಸಿನಲ್ಲಿ ಹೆಚ್ಚು ಜಾಗ ಹಿಡಿಯುತ್ತದೆ, ಎರಡು ಸಲ ಬಿದ್ದರೆ ಟಾರ್ಚಿನ ಬೆಳಕಲ್ಲಿ ಎದ್ದು ಕಾಣುತ್ತದೆ. ಚಕ್ಕೆ ಕಾಳು ಎಂದು ಮೇಲೆ ಹೇಳಿದೆನಲ್ಲ, ಅದಕ್ಕೆ ಹತ್ತಕ್ಕೊಂದು ತೂಗಿ ನೋಡುತ್ತೇನೆ. ಟ್ರೇಲ್ ಬಾಸ್ ಎಂಬ ಪೌಡರ್ ಇನ್ನೂ ಚೆನ್ನ. ಅದರ ಕಾಳು ಉದ್ದಿನ ವಡೆಯ ಮರಿಯಂತೆ, ನಡುವೆ ತೂತು. ಕೇಸ್ ತುಂಬಾ ಉಬ್ಬಿ ನಿಲ್ಲುತ್ತದೆ. ಇಂಥ ದೊಡ್ಡ ಕೇಸುಗಳಿಗೆಂದೇ ಮಾಡಿದ್ದು. ಈಚಿನ ವರ್ಷಗಳಲ್ಲಿ ಸಿಗುವುದು ಕಷ್ಟವಾಗಿದೆ. ಎಲ್ಲಾದರೂ ಸೀಲ್ ಮುರಿಯದ ಡಬ್ಬ ಕಂಡರೆ ಕೊಳ್ಳಿ.

ಟೈಟ್‌ಗ್ರೂಪೇ ಬಳಸುತ್ತೀರಾದರೆ ಬಳಸಿ. ಟಾರ್ಚ್ ಮಾತ್ರ ಬಿಡಬೇಡಿ. ಅದು ಬಿಸಿಯಾಗಿ ಉರಿಯುವ ಪೌಡರ್, ಸೀಸದ ಬುಲೆಟ್ಟಿಗೆ ಹಾಕಿದರೆ ಹೊಗೆ ಸ್ವಲ್ಪ ಜಾಸ್ತಿ. ಅದು ದೊಡ್ಡ ವಿಷಯವಲ್ಲ.

ಪ್ರಶ್ನೆ: .357 ಮ್ಯಾಗ್ನಂಗೆ ಎಚ್‌110 ತಂದೆ. ಹೊಡೆತ ಕೈಗೆ ತುಂಬಾ ಜೋರು. ಪೌಡರ್ ಅರ್ಧ ಮಾಡಿದರೆ ಮೆತ್ತಗಾಗುತ್ತದಲ್ಲವೇ?
— ಫೀನಿಕ್ಸ್, ಅರಿಝೋನಾ

ಬೇಡ. ದಯವಿಟ್ಟು ಬೇಡ.

ಎಚ್‌110 ಕೇಸ್ ತುಂಬಿದ್ದಾಗ, ಗಟ್ಟಿ ಕಿಡಿ ಸಿಕ್ಕಾಗ ಮಾತ್ರ ಸರಿಯಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕೇ ಕೈಪಿಡಿಯಲ್ಲಿ ಮ್ಯಾಗ್ನಂ ಪ್ರೈಮರ್ ಹೇಳಿರುತ್ತಾರೆ, ಆರಂಭದ ತೂಕಕ್ಕೂ ಗರಿಷ್ಠಕ್ಕೂ ಅಂತರ ತೀರಾ ಕಮ್ಮಿ ಇರುತ್ತದೆ. ಅರ್ಧ ಹಾಕಿದರೆ ಅದು ಅರೆಬರೆ ಹೊತ್ತಿ ಬುಲೆಟ್ಟನ್ನು ನಳಿಗೆಯ ನಡುವೆ ಬಿಟ್ಟುಬಿಡಬಹುದು. ಶಬ್ದ ಠುಸ್ಸೆನ್ನುತ್ತದೆ, ಗುರಿಯಲ್ಲಿ ತೂತಿಲ್ಲ. ನೀವು ಗುರಿ ತಪ್ಪಿತೆಂದು ಮತ್ತೆ ಕುದುರೆ (ಟ್ರಿಗರ್) ಎಳೆಯುತ್ತೀರಿ. ಎರಡನೇ ಬುಲೆಟ್ ಮೊದಲನೆಯದಕ್ಕೆ ಬಡಿಯುತ್ತದೆ, ನಳಿಗೆ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. ಯಾವ ಪೌಡರ್ ಆದರೂ ಸರಿ, ಶಬ್ದ ಮಾಮೂಲಿನಂತೆ ಬರದಿದ್ದರೆ ಅಲ್ಲೇ ನಿಲ್ಲಿಸಿ. ಖಾಲಿ ಮಾಡಿ ನಳಿಗೆಯೊಳಗೆ ಕೋಲು ಹಾಕಿ ನೋಡಿ.

ಮೆತ್ತಗೆ ಬೇಕಾದರೆ ಪೌಡರ್ ಬದಲಿಸಿ. ಡಬ್ಲ್ಯು231, ಯುನಿಕ್ ಎರಡಕ್ಕೂ ಕೈಪಿಡಿಗಳಲ್ಲಿ .357ರ ಮೆತ್ತನೆಯ ಅಂಕಿಗಳಿವೆ. ಇನ್ನೂ ಸುಲಭ ಅಂದರೆ, .357 ರಿವಾಲ್ವರಿನಲ್ಲಿ .38 ಸ್ಪೆಷಲ್ ತೋಟಾ ಹಾಗೇ ಹಾಕಿ ಹೊಡೆಯಬಹುದು. ನನ್ನ ಅಭ್ಯಾಸದ ಮುಕ್ಕಾಲು ಪಾಲು ಹಾಗೇ ನಡೆಯುತ್ತದೆ. ಎಚ್‌110 ಡಬ್ಬವನ್ನು ಮುಚ್ಚಿ ಇಡಿ. ಸರಿಯಾಗಿ ಇಟ್ಟರೆ ಬೇಗ ಕೆಡುವ ವಸ್ತುವಲ್ಲ.

ಪ್ರಶ್ನೆ: ನಾನು ಎಚ್‌1ಬಿ ವೀಸಾದಲ್ಲಿದ್ದೇನೆ. ಬಂದೂಕು ನನ್ನದಲ್ಲ, ಗೆಳೆಯನದು. ಪೌಡರ್, ಪ್ರೈಮರ್ ಮಾತ್ರ ನಾನು ಕೊಂಡು ಅವನ ಗ್ಯಾರೇಜಿನಲ್ಲಿ ತೋಟಾ ಮಾಡಬಹುದೇ?
— ಊರು ಬೇಡ ಎಂದಿದ್ದಾರೆ

ಕೇಳಿದ್ದು ಒಳ್ಳೆಯದಾಯಿತು. ಅಮೆರಿಕದ ಫೆಡರಲ್ ಕಾನೂನು ನಿಮ್ಮಂಥ ತಾತ್ಕಾಲಿಕ ವೀಸಾದವರಿಗೆ ಬಂದೂಕು ಮತ್ತು ಮದ್ದುಗುಂಡು ಎರಡನ್ನೂ ಇಟ್ಟುಕೊಳ್ಳಲು ಬಿಡುವುದಿಲ್ಲ. ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇದು: ಅದೇ ಕಾನೂನಿನಲ್ಲಿ ಮದ್ದುಗುಂಡು ಎಂದರೆ ತಯಾರಾದ ತೋಟಾ ಮಾತ್ರ ಅಲ್ಲ. ಖಾಲಿ ಕೇಸ್, ಪ್ರೈಮರ್, ಬುಲೆಟ್, ಪೌಡರ್ ಎಲ್ಲ ಸೇರಿಯೇ ಮದ್ದುಗುಂಡು. ಅಂಗಡಿಯಲ್ಲಿ ಯಾರೂ ಕೇಳಲಿಲ್ಲ ಎಂದ ಮಾತ್ರಕ್ಕೆ ಸರಿಯಾಗುವುದಿಲ್ಲ. ಕೆಲವು ವಿನಾಯಿತಿಗಳಿವೆ. ರಾಜ್ಯವೊಂದು ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರುವುದು ಅವುಗಳಲ್ಲೊಂದು. ಗ್ರೀನ್ ಕಾರ್ಡ್ ಬಂದವರಿಗೆ ಈ ಅಡ್ಡಿ ಇಲ್ಲ. ರಾಜ್ಯದ ಕಾನೂನು ಬೇರೆಯೇ ಇರಬಹುದು. ವಕೀಲರನ್ನು ಕೇಳದೆ ಒಂದು ಡಬ್ಬವನ್ನೂ ಕೊಳ್ಳಬೇಡಿ, ತಮ್ಮಾ. ಇಷ್ಟು ವರ್ಷ ಕಾದ ಗ್ರೀನ್ ಕಾರ್ಡ್ ಇದಕ್ಕೆ ಹೋಗಬಾರದು.

ಪ್ರಶ್ನೆ: ನಾವು ಜಮ್ಮಾ ಹಿಡುವಳಿದಾರರು (ಕೊಡಗಿನ ವಂಶಪಾರಂಪರ್ಯದ ಜಮೀನಿನವರು), ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ಅಮೆರಿಕದಲ್ಲಿರುವ ಮಗ ಪೌಡರ್ ಬಗ್ಗೆ ಹೇಳುತ್ತಿರುತ್ತಾನೆ. ಅಂಥದ್ದನ್ನು ಇಲ್ಲಿ ತರಿಸಿ ತುಂಬಿಕೊಳ್ಳಬಹುದೇ? ತಾತನ ಕೇಪಿನ ಕೋವಿಯೂ (ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೋವಿ) ಒಂದಿದೆ.
— ವಿರಾಜಪೇಟೆ

ಆಗುವುದಿಲ್ಲ, ಅಣ್ಣ. ನಮಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿದೆ. ಮದ್ದುಗುಂಡು ತಯಾರಿಸುವುದು ಬೇರೆ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. ತೋಟಾ ಬೇಕಾದರೆ ಲೈಸೆನ್ಸ್ ಇರುವ ಅಂಗಡಿಯಿಂದಲೇ ಕೊಳ್ಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಕೊನೆಯ ಸಾಲು. ಕೇಪಿನ ಕೋವಿ ಕಪ್ಪು ಮದ್ದಿಗೆ ಮಾಡಿದ್ದು. ಗಂಧಕ, ಇದ್ದಿಲು, ಪೆಟ್ಲುಪ್ಪಿನ ಮಿಶ್ರಣ ಅದು. ಇಲ್ಲಿತನಕ ನಾನು ಹೇಳಿದ ಪೌಡರ್‌ಗಳೆಲ್ಲ ಹೊಗೆಯಿಲ್ಲದ (ಸ್ಮೋಕ್‌ಲೆಸ್) ಪೌಡರ್, ಅದು ಬೇರೆಯೇ ಜಾತಿ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬ ರಸಾಯನಶಾಸ್ತ್ರಜ್ಞ ನೈಟ್ರೋಸೆಲ್ಯುಲೋಸಿನಿಂದ ಮಾಡಿ ತೋರಿಸಿದ್ದು. ಅದೇ ಅಳತೆಯಲ್ಲಿ ಅದರ ಕಸುವು ಎಷ್ಟೋ ಪಾಲು ಹೆಚ್ಚು. ಇದನ್ನು ಕೇಪಿನ ಕೋವಿಗೆ ಸುರಿದರೆ ನಳಿಗೆ, ಕೋವಿ ಹಿಡಿದವರ ಮುಖದ ಹತ್ತಿರವೇ ಒಡೆಯುತ್ತದೆ. ಎರಡೂ ಕರ್ರಗೆ ಬೂದಿ ಬಣ್ಣವೇ, ಕಣ್ಣಿಗೆ ಗೊತ್ತಾಗುವುದಿಲ್ಲ. ತಾತನ ಕೋವಿಯನ್ನು ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊದ್‌ಗೆ ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆಗಿಡಿ. ನಮ್ಮ ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ (ದೇವರ ದೀಪ ಇರುವ ನಡುಮನೆಯಲ್ಲಿ) ಹಾಗೇ ಇಡುತ್ತಿದ್ದರು. ಆ ಕಿತ್ತಳೆ ಕೆಂಪು ಹೂವು ಪೆನ್ಸಿಲ್ವೇನಿಯಾದಲ್ಲಿ ಸಿಗುವುದಿಲ್ಲ ಎನ್ನುವುದು ಪ್ರತಿ ಸೆಪ್ಟೆಂಬರಿನಲ್ಲೂ ನನಗೊಂದು ಕೊರತೆ.

ಪ್ರಶ್ನೆ: ಗ್ಯಾರೇಜ್ ಸೇಲಿನಲ್ಲಿ ಐದು ಡಾಲರಿಗೆ ಮೂರು ಹಳೇ ಡಬ್ಬ ಸಿಕ್ಕವು. ಒಂದರ ಸೀಲ್ ಹಾಗೇ ಇದೆ. ಒಂದು ತೆರೆದದ್ದು, ಒಳಗೆ ತುಕ್ಕಿನಂಥ ಧೂಳು. ಮೂರನೆಯದು ಕಾಫಿ ಡಬ್ಬ, ಮೇಲೆ ಪೆನ್ಸಿಲಿನಲ್ಲಿ "ಬುಲ್ಸ್‌ಐ" ಎಂದು ಬರೆದಿದೆ. ಬಳಸಬಹುದೇ? ಇವನ್ನೆಲ್ಲ ಎಲ್ಲಿಡಬೇಕು?
— ರ‍್ಯಾಲಿ, ನಾರ್ತ್ ಕ್ಯಾರೊಲಿನಾ

ಸೀಲ್ ಇರುವುದನ್ನು ತೆರೆದು ಮೂಸಿ ನೋಡಿ. ಒಳ್ಳೆಯ ಪೌಡರಿಗೆ ಸ್ಪಿರಿಟ್ಟಿನಂಥ ತೆಳು ವಾಸನೆ ಇರುತ್ತದೆ. ಹಾಗಿದ್ದರೆ, ಕಾಳು ಒಣಗಿ ಬಿಡಿಬಿಡಿಯಾಗಿದ್ದರೆ ಬಳಸಬಹುದು. ಎರಡನೆಯದು ಕೆಟ್ಟಿದೆ. ಕೆಂಪು ಕಂದು ಧೂಳು, ಮೂಗಿಗೆ ಚುಚ್ಚುವ ಹುಳಿ ವಾಸನೆ ಬಂದರೆ ಪೌಡರ್ ಒಳಗೊಳಗೇ ಕೊಳೆಯುತ್ತಿದೆ ಎಂದು ಅರ್ಥ. ಅದನ್ನು ಮನೆಯೊಳಗೆ ಇಡಬೇಡಿ.

ಕಾಫಿ ಡಬ್ಬವನ್ನು ಬಳಸಲೇಬೇಡಿ. ಪೆನ್ಸಿಲಿನಲ್ಲಿ ಬರೆದವರು ಯಾರು, ಬರೆದ ಮೇಲೆ ಒಳಗೆ ಏನು ಸುರಿದರು, ಗೊತ್ತಿಲ್ಲ. ಔಷಧದ ಕೋಣೆಯಲ್ಲಿ ಚೀಟಿ ಇಲ್ಲದ ಬಾಟಲಿ ಕಂಡರೆ ನಾವು ಒಳಗೇನಿದೆ ಎಂದು ಊಹಿಸುವುದಿಲ್ಲ, ಎಸೆಯುತ್ತೇವೆ. ನನ್ನ ಮೇಜಿನ ಮೇಲೂ ಯಾವಾಗಲೂ ಒಂದೇ ಡಬ್ಬ. ಕೆಲಸ ಮುಗಿದ ಕೂಡಲೇ ಅಳತೆ ಯಂತ್ರದಲ್ಲಿ ಉಳಿದದ್ದು ಅದೇ ಡಬ್ಬಕ್ಕೆ ವಾಪಸ್.

ಇಡುವ ಜಾಗ ತಂಪಾಗಿ, ಒಣಗಿರಲಿ. ಎನ್‌ಎಫ್‌ಪಿಎ 495 ಎಂಬ ಅಗ್ನಿಸುರಕ್ಷತೆಯ ನಿಯಮದ ಪ್ರಕಾರ ಮನೆಯಲ್ಲಿ 20 ಪೌಂಡ್ ತನಕ ಕಂಪನಿಯ ಡಬ್ಬದಲ್ಲೇ ಇಡಬಹುದು. ಅದಕ್ಕೂ ಮೇಲೆ 50 ಪೌಂಡ್ ತನಕ ಇಡಲು ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಕಬ್ಬಿಣದ ತಿಜೋರಿಯಲ್ಲಿ ಇಟ್ಟರೆ ಭದ್ರ ಎಂದುಕೊಳ್ಳುತ್ತಾರೆ, ಅದು ತಪ್ಪು. ಪೌಡರ್ ಬಯಲಲ್ಲಿ ಬರೀ ಉರಿಯುತ್ತದೆ. ಗಟ್ಟಿಯಾಗಿ ಮುಚ್ಚಿದ ಕಡೆ ಬೆಂಕಿ ಬಿದ್ದರೆ ಸಿಡಿಯುತ್ತದೆ. ಮರದ ಪೆಟ್ಟಿಗೆ ಬೇಗ ಬಿಚ್ಚಿಕೊಂಡು ಒತ್ತಡ ಬಿಡುತ್ತದೆ.

ಕೆಟ್ಟದ್ದನ್ನು ಏನು ಮಾಡುವುದು ಎಂದರೆ, ಸ್ವಲ್ಪವೇ ಇದ್ದರೆ ಹಿತ್ತಲ ಹುಲ್ಲಿನ ಮೇಲೆ ತೆಳ್ಳಗೆ ಚೆಲ್ಲಿ ನೀರು ಬಿಡಿ. ಅದರಲ್ಲಿ ಸಾರಜನಕ ಇದೆ, ಹುಲ್ಲಿಗೆ ಗೊಬ್ಬರವಾಗುತ್ತದೆ. ಮಕ್ಕಳು, ನಾಯಿ ಆ ಕಡೆ ಹೋಗದ ಜಾಗ ನೋಡಿಕೊಳ್ಳಿ. ಒಂದು ಡಬ್ಬ ಪೂರ್ತಿ ಇದ್ದರೆ ನಿಮ್ಮೂರಿನ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ, ತಗೊಂಡು ಹೋಗಬೇಡಿ. ಫೋನಿನಲ್ಲೇ "ಹಳೇ ಸ್ಮೋಕ್‌ಲೆಸ್ ಪೌಡರ್" ಎಂದು ಸ್ಪಷ್ಟವಾಗಿ ಹೇಳಿ, ಮುಂದೇನು ಮಾಡಬೇಕೆಂದು ಅವರೇ ತಿಳಿಸುತ್ತಾರೆ.